ನೆಲದಿಂದ ಸೂರಿನವರೆಗೆ

ಗಡಿಯಾರದಣ್ಣನ ನಡುಮನೆಯಲ್ಲಿ ಎಂಥ ಕತ್ತಲೆಯಿತ್ತೆಂದರೆ, ಒಳಗೆ ಬಂದ ನೊಣಗಳು ಗೋಡೆ ತಡವಿಕೊಂಡು ಹೊರಗೆ ಹೋಗುತ್ತಿದ್ದವು. ಬೀದಿ ಕಡೆಯ ಗೋಡೆಯಲ್ಲಿ ಅಂಗೈಯಗಲದ ಒಂದೇ ಕಿಟಕಿ. ಅದರಡಿ ಮೇಜು ಹಾಕಿಕೊಂಡು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಊರವರ ಕೈಗಡಿಯಾರಗಳನ್ನೆಲ್ಲ ರಿಪೇರಿ ಮಾಡಿ ಮಾಡಿ ಪಾಪ ಅವನ ಕಣ್ಣು ಸೋತುಹೋಗಿದ್ದವು. ಸಾಸಿವೆಗಿಂತ ಸಣ್ಣ ತಿರುಪುಮೊಳೆ ಕೆಳಗೆ ಬಿತ್ತೋ, ಮುಗಿಯಿತು. ಹಾಗೊಮ್ಮೆ ಹುಡುಕುತ್ತ ಮಂಚದಡಿ ನುಗ್ಗಿದವನು ಮದುವೆಯಲ್ಲಿ ಕಳೆದ ಉಂಗುರ ಹಿಡಿದುಕೊಂಡು ಬಂದ. ಮೊಳೆ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಆದ್ದರಿಂದ ಅವನಿಗೊಂದು ಕನಸು: ಆ ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಗಾಜಿನ ಕಿಟಕಿ ಇಡಬೇಕು, ಬೆಳಕು ಹೊಳೆಯ ಹಾಗೆ ಮನೆಯೊಳಗೆ ಹರಿಯಬೇಕು.

ಅಡ್ಡ ಇದ್ದವಳು ಹೆಂಡತಿ. ಮನೆ ಅವಳಪ್ಪ ಅವಳಿಗೆ ಕೊಟ್ಟದ್ದು. ಆ ಗೋಡೆಗೋ, ಈಚೆಗಷ್ಟೇ ಎದುರು ನಿಂತು ಹಾಲಿನಂಥ ಬಿಳಿ ಬಣ್ಣ ಹೊಡೆಸಿದ್ದಳು. ಅದೂ ಅಲ್ಲದೆ, ಕಣ್ಣಾರೆ ಕಾಣದ್ದಕ್ಕೆ ಹೂಂ ಅಂದವಳೇ ಅಲ್ಲ. ಮದುವೆಗೆ ಮುಂಚೆ ಗಂಡನ್ನೇ ಮೂರು ಸಲ ಕರೆಸಿ ನೋಡಿ, ಆಮೇಲೂ "ನೋಡೋಣ" ಅಂದಿದ್ದಳು.

ಒಂದು ದಿನ ಬೆಳಿಗ್ಗೆ ಅವಳು ತನ್ನಕ್ಕನ ಮನೆಗೆ ಹೊರಟಳು, ಸಂಜೆ ಬರುತ್ತೇನೆಂದಳು. ಬೀದಿ ತಿರುವಿನಲ್ಲಿ ಅವಳ ಸೆರಗು ಮರೆಯಾಗುವುದೇ ತಡ, ಗಡಿಯಾರದಣ್ಣ ಅವಳ ತಮ್ಮನಿಗೆ ಹೇಳಿಕಳಿಸಿದ. ಅವನು ಮೇಸ್ತ್ರಿ.

"ಭಾವಾ, ಅಕ್ಕ ಹೂಂ ಅನ್ನೋವರೆಗೂ ನಾನು ಸುತ್ತಿಗೆ ಮುಟ್ಟಲ್ಲ. ಅವಳ ಕೈಲಿ ಬೈಸಿಕೊಳ್ಳೋಕೆ ನನಗೇನು ಹುಚ್ಚಾ?"

"ಮುಟ್ಟಬೇಡ ಮಾರಾಯ. ಕಿಟಕಿ ಎಲ್ಲಿಂದ ಎಲ್ಲಿಗೆ ಅಂತ ಗೋಡೆ ಮೇಲೇ ಪೂರ್ತಿ ಅಳತೇಲಿ ಗೆರೆ ಹೊಡಿ. ಬಂದು ನೋಡ್ತಾಳೆ, ಮೆಚ್ಚಿಕೊಳ್ತಾಳೆ."

ಮೇಸ್ತ್ರಿ ದಾರಕ್ಕೆ ನೀಲಿ ಪುಡಿ ಸವರಿದ. ಆ ತುದಿ ಭಾವ, ಈ ತುದಿ ಮೈದುನ. ಬಿಗಿಹಿಡಿದು, ಎಳೆದು ಬಿಟ್ಟರೆ ಟಪ್! ಬಾಣದಂಥ ಗೆರೆ. ನಾಲ್ಕು ಟಪ್ಪಿಗೆ ಒಂದು ಕಿಟಕಿ. ಇನ್ನೂ ಒಡೆಯದ ಗೋಡೆಯ ಮುಂದೆ ನಿಂತ ಗಡಿಯಾರದಣ್ಣನಿಗೆ ಆಗಲೇ ಬಿಸಿಲು ತಾಗಿ ಸೆಕೆಯಾಯಿತು.

ಟಪ್ ಸದ್ದಿಗೆ ಎದುರುಮನೆಯ ಹೊಲಿಗೆಯಕ್ಕ ಬಂದಳು.

"ಏನಣ್ಣಾ ಇದು, ಕಿಟಕಿನಾ, ಕೋಟೆ ಬಾಗಿಲಾ? ಸೀದಾ ನಮ್ಮ ಜಗಲಿಗೇ ಬೀಳತ್ತಲ್ಲ! ನಮ್ಮನೇವ್ರು ಚಡ್ಡೀಲಿ ಕೂತು ಪೇಪರ್ ಓದೋದು ಅಲ್ಲೇ. ನಿಮ್ಮನೆಗೆ ಬಂದೋರಿಗೆಲ್ಲ ಆ ದರ್ಶನ ಆಗ್ಬೇಕಾ?"

ಗಡಿಯಾರದಣ್ಣ ಜಗಳಕ್ಕೆ ಹುಟ್ಟಿದವನಲ್ಲ. "ಒಳ್ಳೇ ಮಾತು ಹೇಳಿದೆ ಅಕ್ಕಾ, ಉಪಕಾರ ಆಯ್ತು" ಎಂದು ಕಿಟಕಿಯನ್ನು ಎಡಕ್ಕೆ ಸರಿಸಿದ. ಟಪ್, ಟಪ್.

ಅಷ್ಟರಲ್ಲಿ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತರಾದರೂ ಗಂಟಲು ಇನ್ನೂ ಕೆಲಸದಲ್ಲೇ ಇತ್ತು. "ಯಾರ್ರೀ ಅದು ಎಡಕ್ಕೆ ಅಂದಿದ್ದು? ಇಲ್ಲಿ ಒಡೆದ್ರೆ ನನ್ನ ಗೋಡೆ ಬಿರುಕು ಬಿಡತ್ತೆ. ಬಲಕ್ಕೆ ತಿರುಗ್!"

"ಸರಿಯಾಗಿ ಹೇಳಿದ್ರಿ ಮೇಷ್ಟ್ರೇ, ನಿಮ್ಮಿಂದ ಉಳಿದೆ." ಕಿಟಕಿ ಬಲಕ್ಕೆ ತಿರುಗಿತು.

"ಮತ್ತೆ ನಮ್ಮ ಜಗಲಿ!" ಎಂದಳು ಹೊಲಿಗೆಯಕ್ಕ. ಹೀಗೆ ಊಟದ ಹೊತ್ತಿಗೆ ಆ ಕಿಟಕಿ ಗೋಡೆಯ ಮೇಲೆ ಎಷ್ಟು ಕವಾಯತು ಮಾಡಿತೆಂದರೆ, ದಂಡಿನ ಸಿಪಾಯಿ ಜೀವಮಾನದಲ್ಲಿ ಅಷ್ಟು ಮಾಡಿರಲಾರ. ಪ್ರತಿ ಸಲಹೆಗೂ ಗಡಿಯಾರದಣ್ಣ ಕೈ ಮುಗಿದ. ಗೋಡೆ, ಶಾಯಿ ಕುಡಿದ ಜೇಡ ಕಟ್ಟಿದ ಬಲೆಯ ಹಾಗಾಯಿತು.

"ಭಾವಾ, ಇದರಲ್ಲಿ ಯಾವುದು ಕಿಟಕಿ ಅಂತ ನನಗೇ ಗೊತ್ತಾಗ್ತಿಲ್ಲ."

"ಬೇಡದ ಗೆರೆ ಒರೆಸಿದ್ರಾಯ್ತು ಬಿಡು" ಎಂದು ಗಡಿಯಾರದಣ್ಣ ಒದ್ದೆ ಬಟ್ಟೆ ಎತ್ತಿಕೊಂಡ.

"ಅಯ್ಯೋ, ನೀರು ಸೋಕಿಸ್ಬೇಡಿ!" ಎಂದು ಮೈದುನ ಕೂಗುವಷ್ಟರಲ್ಲಿ ಕೈ ಮೂರು ಸುತ್ತು ತಿರುಗಿತ್ತು. ನೀಲಿ ಹಬ್ಬಿತು. ಒರೆಸಿದಷ್ಟೂ ಹಬ್ಬಿತು. ಹಾಲುಬಿಳುಪಿನ ಗೋಡೆ ಬಿರುಗಾಳಿಯ ದಿನದ ಸಮುದ್ರವಾಯಿತು. ಸಂಜೆ ಬೇರೆ ಹತ್ತಿರ ಬರುತ್ತಿತ್ತು.

ಗಡಿಯಾರದಣ್ಣ ನೆಲಕ್ಕೆ ಕುಸಿದ. "ಇದನ್ನ ನೋಡಿದ ಮೇಲೆ ಕಿಟಕಿಗೆ ಹೂಂ ಅಂತಾಳಾ? ನನ್ನನ್ನ ಒಳಗೆ ಇಟ್ಕೊಂಡ್ರೆ ದೊಡ್ಡದು."

ಆಗ ನೆರೆಯವರಿಬ್ಬರ ಕರುಳು ಚುರುಕ್ ಎಂದಿತು. ಮೇಷ್ಟ್ರ ಅಪ್ಪಣೆಗೆ ಹೆದರಿದವರುಂಟು, ಬೆನ್ನ ಹಿಂದೆ ನಕ್ಕವರುಂಟು. ಕೈ ಮುಗಿದವನು ಇವನೊಬ್ಬನೇ. ಹೊಲಿಗೆಯಕ್ಕನ ಮಾತನ್ನೋ, ಅವಳ ಗಂಡನೇ ಇವತ್ತಿನವರೆಗೆ ಪೂರ್ತಿ ಕೇಳಿರಲಿಲ್ಲ.

"ಏಳಣ್ಣಾ. ಇಷ್ಟು ಮರ್ಯಾದೆ ಕೊಟ್ಟೋನ್ನ ನಡುನೀರಲ್ಲಿ ಕೈ ಬಿಡ್ತೀವಾ?" ಎಂದು ಅವಳು ಓಡಿಹೋಗಿ, ಯಾವುದೋ ಸಭಾಭವನದವರು ಹೊಲಿಸಿ, ಬಣ್ಣ ಹಿಡಿಸಲಿಲ್ಲವೆಂದು ಬಿಟ್ಟುಹೋಗಿದ್ದ ಪರದೆ ಹೊತ್ತು ತಂದಳು. ಕಂಬಳಿಯಷ್ಟು ದಪ್ಪ, ದಾಳಿಂಬೆ ಕೆಂಪು. "ಇವತ್ತಿಗೆ ಇದರಲ್ಲಿ ಮುಚ್ಚೋಣ. ನಾಳೆ ಬಣ್ಣ ಹೊಡೆದು, ಒಂದೇ ಕಿಟಕಿ ಬರೆದು ತೋರಿಸಿದ್ರಾಯ್ತು." ಮೇಸ್ತ್ರಿ ಸರಳು ಬಿಗಿದ, ಮೇಷ್ಟ್ರು ಏಣಿ ಹಿಡಿದರು. ಗೋಡೆಗೆ ಗೋಡೆಯೇ ಮಾಯ.

ಪರದೆಯ ಕೊನೆಯ ಮಡಿಕೆ ಸರಿಪಡಿಸುವುದಕ್ಕೂ ಹೆಂಡತಿ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಅವಳ ಕೈಚೀಲ ಕೆಳಗೆ ಬಿತ್ತು.

"ಇದು... ಯಾರು ಹಾಕಿಸಿದ್ದು?"

"ಎಲ್ಲಾ ನಿಮ್ಮ ಯಜಮಾನ್ರದ್ದೇ ಏರ್ಪಾಟು, ತಾಯಿ!" ಮೇಷ್ಟ್ರು ಗೆಳೆಯನನ್ನು ಕಾಪಾಡಲು ಎದೆ ಸೆಟೆಸಿ ಗುಡುಗಿದರು.

ಹೆಂಡತಿಯ ಕಣ್ಣಲ್ಲಿ ನೀರಾಡಿತು. "ಅಕ್ಕನ ಮನೇಲಿ ಇಂಥದ್ದೇ ನೋಡಿ, ದಾರಿಯುದ್ದಕ್ಕೂ ಹೊಟ್ಟೆ ಉರ್ಕೊಂಡು ಬಂದೆ. ನಾನು ಬಾಯಿಬಿಟ್ಟು ಕೇಳಿದವಳಲ್ಲ. ನನ್ನ ಮನಸ್ಸು ನಿಮಗೆ ಹೇಗೆ ಗೊತ್ತಾಯ್ತು ರೀ? ನಿಮ್ಮಂಥೋರು ಸಿಗೋಕೆ ಪುಣ್ಯ ಮಾಡಿದ್ದೆ."

ಮದುವೆಯಾದಂದಿನಿಂದ ಕೇಳದ ಮಾತು! ಗಡಿಯಾರದಣ್ಣ ಹೊಲಿಗೆಯಕ್ಕನಿಗೆ, ಮೇಷ್ಟ್ರಿಗೆ, ಮೈದುನನಿಗೆ ಮನಸಾರೆ ಕೈ ಮುಗಿದ. ದೊಡ್ಡ ಕಿಟಕಿ ಹೋದರೆ ಹೋಗಲಿ, ಇಂಥ ಜನ ಸಿಕ್ಕರಲ್ಲ, ಹಳೇ ಕಿಟಕಿಯ ಬೆಳಕೇ ಸಾಕು ಎಂದುಕೊಂಡು, ಮೇಜಿನ ಬಳಿ ಹೋಗಿ ಪರದೆಯ ಅಂಚನ್ನು ಮೆಲ್ಲಗೆ ಒಂದು ಗೇಣು ಸರಿಸಿದ.

"ಅಯ್ಯಯ್ಯೋ, ಬಿಡಿ, ಬಿಡಿ!" ಹೆಂಡತಿ ಅಕ್ಕರೆಯಿಂದ ಅವನ ಕೈ ಹಿಡಿದುಕೊಂಡಳು. "ಬೆಳಕು ಬಿದ್ರೆ ಬಣ್ಣ ಮಾಸತ್ತೆ. ನೀವು ಇಷ್ಟು ಆಸೆಪಟ್ಟು ಹಾಕಿಸಿದ್ದು, ನಾನಿರೋವರೆಗೂ ಇದನ್ನ ಒಬ್ಬರೂ ಸರಿಸಕೂಡದು."