ಎಂಟನೇ ಕೋಟೆಯ ಮೊಲ

ವಿಡಿಯೋ ಗೇಮ್ ಆಡುವ ಅಜ್ಜಿ ಇರುವ ಮನೆಗೆ ನಗುವವರನ್ನು ಕರೆಯಬೇಕಾಗಿಲ್ಲ, ಅವರೇ ಬಂದು ಚಾಪೆ ಹಾಸಿಕೊಂಡು ಕೂರುತ್ತಾರೆ. ನಾನು ಹುಟ್ಟಿದ್ದು ಬೀದರಿನಲ್ಲಿ. ಮದುವೆಯಾಗಿ ಮೈಸೂರಿಗೆ ಬಂದಾಗ ಇಲ್ಲಿಯವರು ನನ್ನ ಮಾತು ಕೇಳಿ ನಕ್ಕರು. ಆ ನಗು ಹಳತಾಗುವ ಹೊತ್ತಿಗೆ, ತೊಂಬತ್ತರ ದಶಕದಲ್ಲಿ, ಟಿವಿಗೆ ಸಿಕ್ಕಿಸುವ ಗೇಮ್ ಸೆಟ್ ಕೊಂಡೆ. ಅವರಿಗೆ ಹೊಸ ಕೆಲಸ ಸಿಕ್ಕಿತು.

ನನ್ನ ಮೆಚ್ಚಿನ ಆಟದಲ್ಲಿ ಒಂದು ತಾಯಿ ಮೊಲ. ಅದು ಎಂಟು ಕೋಟೆ ದಾಟಿ ಮರಿಗಳನ್ನು ಬಿಡಿಸಿಕೊಳ್ಳಬೇಕು. ನಡುವೆ ಸೆಟ್ ಆರಿಸಿದರೆ ಮತ್ತೆ ಮೊದಲ ಕೋಟೆಯಿಂದ ಶುರು. ನನ್ನ ಮೊಲ ಏಳು ಕೋಟೆ ದಾಟಿ, ಎಂಟನೆಯದರಲ್ಲಿ ಹಳ್ಳಕ್ಕೆ ಬಿದ್ದು ಸಾಯುತ್ತಿತ್ತು. ಸಾಯುವುದರೊಳಗೆ ಒಮ್ಮೆ ಆ ಮರಿಗಳ ಮುಖ ನೋಡಬೇಕೆಂಬುದು ನನ್ನ ಆಸೆ. ಮೊಲ ದಿನಕ್ಕೆ ಹತ್ತು ಸಲ ಸಾಯುತ್ತದೆ. ನಾನು ಹೇಳುತ್ತಿರುವುದು ನನ್ನ ಸಾವಿನ ವಿಷಯ.

ಹೊಸ ಮಾಲು

ಅರಸು ರಸ್ತೆಯ ಅಂಗಡಿಯೊಂದರಲ್ಲಿ ‘ಈಗ ತಾನೇ ಬಂದಿದೆ’ ಎಂದು ಒಂದು ಕ್ಯಾಸೆಟ್ ಕೊಟ್ಟರು. ಒಳಗೆ 9999 ಆಟಗಳಿವೆ ಎಂದು ಮೇಲೆ ಅಚ್ಚಾಗಿತ್ತು. ನಾನು ಬಿಡುವವಳೇ? ಕೂತು ಒಂದೊಂದನ್ನೇ ಆಡಿದೆ. ಹದಿಮೂರನೆಯದಾಗಿ ಮೊದಲನೆಯ ಆಟವೇ ಬಂತು. ಆಕಾಶ ಮಾತ್ರ ನೀಲಿ ಹೋಗಿ ಗುಲಾಬಿಯಾಗಿತ್ತು. ಯಜಮಾನರನ್ನು ಕರೆದುಕೊಂಡು ಅಂಗಡಿಗೆ ಹೋದೆ.

“ಇದರಲ್ಲಿರೋದು ಹನ್ನೆರಡೇ ಆಟ ಕಣಪ್ಪ. ಮಿಕ್ಕಿದ್ದೆಲ್ಲ ಬರೀ ಬಣ್ಣ.”

ಅಂಗಡಿಯವನು ತಲೆ ಕೆಡಿಸಿಕೊಳ್ಳಲಿಲ್ಲ. “ಅಮ್ಮಾ, ನಿಮ್ಮ ಬೀರುವಿನಲ್ಲಿ ಒಂದೇ ಥರದ್ದು ಹತ್ತು ಬಣ್ಣದ ಸೀರೆ ಇದ್ರೆ, ಅದು ಒಂದು ಸೀರೆನೋ ಹತ್ತು ಸೀರೆನೋ?”

ಯಜಮಾನರು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. “ಹತ್ತು” ಎಂದು ಕ್ಯಾಸೆಟ್ ಎತ್ತಿಕೊಂಡು ಬಂದೆ.

ಮೇಷ್ಟ್ರ ವಿಜ್ಞಾನ

ಕ್ಯಾಸೆಟ್ ಕೈ ಕೊಟ್ಟರೆ ಹೊರಗೆ ತೆಗೆದು, ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಹಾಕುವುದು ಎಲ್ಲರೂ ಮಾಡುವ ವೈದ್ಯ. ಪಕ್ಕದ ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ಇದನ್ನು ನೋಡಿ ನೊಂದುಕೊಂಡರು.

“ಏನ್ರೀ ಇದು, ಮಾಟಗಾರರ ಹಂಗೆ! ಉಸಿರಲ್ಲಿ ತೇವ ಇರುತ್ತೆ, ತುಕ್ಕು ಹಿಡಿಯುತ್ತೆ. ಓದಿದವರು ಹಿಂಗೆ ಮಾಡಿದ್ರೆ ಹೆಂಗೆ?”

ನಾಚಿಕೆಯಾಗಿ ಅಂದು ಊದಲಿಲ್ಲ, ಆಡಲೂ ಇಲ್ಲ. ಸಂಜೆ ಅವರ ಮನೆಯಿಂದ ದಬದಬ ಸದ್ದು ಕೇಳಿ ಓಡಿದೆ. ಮೇಷ್ಟ್ರು ವಾರ್ತೆಗೆ ಹೊತ್ತಾಯಿತೆಂದು ರೇಡಿಯೋದ ನೆತ್ತಿಗೆ ಬಾರಿಸುತ್ತಿದ್ದರು. ಅದು ಹಾಡಿತು ಕೂಡ.

“ನೋಡಿ, ಎಲ್ಲಿಗೆ ಹೊಡೀಬೇಕು ಅಂತ ಗೊತ್ತಿರಬೇಕು” ಎಂದರು. ಊದುವುದು ಮೂಢನಂಬಿಕೆ, ಹೊಡೆಯುವುದು ಭೌತಶಾಸ್ತ್ರ.

ಕಾಲ ಮುಂದುವರಿಯಿತು

ಎರಡು ಸಾವಿರದ ಇಸವಿ ದಾಟಿದ ಮೇಲೆ ಆಟಗಳೆಲ್ಲ ಸಿ.ಡಿ.ಗೆ ಬಂದವು. ಕುವೆಂಪುನಗರದ ಸೈಬರ್ ಕೆಫೆಗೆ ಹೋಗಿ ಹೊಸ ಆಟಗಳ ಪರೀಕ್ಷೆ ಶುರುಮಾಡಿದೆ. ಎಲ್ಲರೂ ಹೊಗಳಿದ ಒಂದು ಆಟದಲ್ಲಿ ಸೈನಿಕನ ಮೂಗಿನ ಮೇಲಿನ ಬೆವರೂ ಕಾಣುತ್ತಿತ್ತು. ಆದರೆ ಅವನು ತನ್ನ ಕಷ್ಟಸುಖ ಹೇಳಿ ಮುಗಿಸಿ ಆಟವನ್ನು ನನ್ನ ಕೈಗೆ ಕೊಡುವಷ್ಟರಲ್ಲಿ ನನ್ನ ಅರ್ಧ ಗಂಟೆ ತೀರಿತ್ತು. ಹರಿಕಥೆಯಲ್ಲಾದರೆ ಕೊನೆಗೆ ಪ್ರಸಾದವಾದರೂ ಸಿಗುತ್ತದೆ.

ಅದರ ಎರಡನೇ ಭಾಗ ಬಂದಾಗ ಕೆಫೆಯವನು ತಲೆಯಾಡಿಸಿದ. “ಅದು ಇದರಲ್ಲಿ ಓಡಲ್ಲ ಅಮ್ಮ. ಕಂಪ್ಯೂಟರ್ ತುಂಬಾ ಹಳೇದು.”

“ಎಷ್ಟು ಹಳೇದಪ್ಪ?”

“ಹೋದ ವರ್ಷದ್ದು.”

ನಾನು ನನ್ನ ಮೊಣಕಾಲು ಸವರಿಕೊಂಡೆ. ಇನ್ನೊಂದು ಆಟ ಶುರುವಾಗುವ ಮೊದಲೇ ‘ನಿಮಗೆ ಹದಿನೆಂಟು ತುಂಬಿದೆಯೇ?’ ಎಂದು ಇಂಗ್ಲಿಷಿನಲ್ಲಿ ಗದರಿಸಿತು. ಮೂರು ಸಲ ತುಂಬಿ ಚೆಲ್ಲಿದೆ ಎಂದು ಬರೆಯೋಣವೆಂದರೆ ಜಾಗವೇ ಕೊಟ್ಟಿರಲಿಲ್ಲ.

ಆಯುಧ ಪೂಜೆ

ಹೊಸದನ್ನೆಲ್ಲ ಬೈದು ಮನೆಗೆ ಬಂದರೆ ನನಗೆ ಹಳೆಯ ಮೊಲವೇ ಗತಿ. ಆ ವರ್ಷ ಆಯುಧ ಪೂಜೆಯ ದಿನ ಮೊಲ ಎಂಟನೇ ಕೋಟೆಗೆ ಕಾಲಿಟ್ಟಿತು, ಅದೂ ಒಂದೇ ಒಂದು ಜೀವ ಇಟ್ಟುಕೊಂಡು. ಅಷ್ಟರಲ್ಲಿ ಯಜಮಾನರು ವಿಭೂತಿ, ಕುಂಕುಮದ ತಟ್ಟೆ ಹಿಡಿದು ಬಂದರು. ಸ್ಕೂಟರ್, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲದರ ಪೂಜೆ ಮುಗಿದಿತ್ತು.

“ಅದನ್ನ ಆರ್ಸೇ. ಇವತ್ತು ಯಂತ್ರಕ್ಕೆ ವಿಶ್ರಾಂತಿ.”

“ರೀ, ಆರಿಸಿದ್ರೆ ಎಲ್ಲ ಹೋಗ್ಬುಡುತ್ತೆ! ಬಟನ್ ಒತ್ತಿ ನಿಲ್ಸಿದೀನಿ. ಮೊಲಾನೂ ವಿಶ್ರಾಂತಿ ತಗೊಳ್ತಿದೆ. ಹಂಗೇ ಪೂಜೆ ಮಾಡಿ.”

ಗೊಣಗುತ್ತಲೇ ಒಪ್ಪಿದರು. ಗೊಂಬೆ ನೋಡಲು ಬೀದಿಯ ಹೆಂಗಸರು ಬಂದು ಕೂತಿದ್ದರು. ನಾನು ಕಡಲೆಕಾಳು ಉಸಲಿ ತರಲು ಒಳಗೆ ಹೋದೆ.

ಯಜಮಾನರದ್ದು ಅರೆಬರೆ ಪೂಜೆಯಲ್ಲ. ಆಟ ಆಡಿಸುವ ರಿಮೋಟಿನ ಒಂದೊಂದು ಬಟನ್ನಿಗೂ ಒತ್ತಿ ಒತ್ತಿ ಕುಂಕುಮ ಇಟ್ಟರು. ನಿಂತಿದ್ದ ಆಟ ಓಡತೊಡಗಿತು, ಅವರು ನೋಡಲಿಲ್ಲ. ಕೊನೆಗೆ ಒಂದು ನಿಂಬೆಹಣ್ಣನ್ನು ಬಲಗಡೆಯ ಬಾಣದ ಬಟನ್ ಮೇಲೆ ಕೂರಿಸಿ, ಉರುಳದಂತೆ ಹೂವಿನ ದಾರದಿಂದ ಬಿಗಿದರು.

ಮೊಲ ಬಲಕ್ಕೆ ಓಡಿತು. ಎಲ್ಲೂ ನಿಲ್ಲದೆ ಓಡಿದರೆ ಆ ಹಳ್ಳಗಳ ಮೇಲೆ ಹಾಯ್ದು ಹೋಗಬಹುದಂತೆ. ನಾನು ಇಷ್ಟು ವರ್ಷ ಪ್ರತಿ ಹಳ್ಳದ ಮುಂದೆಯೂ ನಿಂತು ಯೋಚಿಸುತ್ತಿದ್ದೆ.

ಚಪ್ಪಾಳೆ ಕೇಳಿ ಉಸಲಿಯ ಸೌಟಿನೊಂದಿಗೇ ಓಡಿಬಂದೆ. ಅಷ್ಟರಲ್ಲಿ ಆಟ ಮುಗಿದು ತೆರೆಯ ಮೇಲೆ ಮತ್ತೆ ಮೊದಲನೇ ಕೋಟೆ!

“ಏನಾಯ್ತು? ಮರಿಗಳು ಬಂದ್ವಾ? ಹೆಂಗಿದ್ವು?”

“ಬಂದ್ವು ಕಣ್ರೀ” ಎಂದರು ಮೇಷ್ಟ್ರ ಹೆಂಡತಿ. “ಬೆಳ್ಳಗೆ ಏನೋ ಕುಣೀತು. ನಾನು ಕನ್ನಡಕ ತಂದಿರ್ಲಿಲ್ಲ. ಎಲ್ರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಬುಟ್ಟೆ.”

ಯಜಮಾನರು ತಟ್ಟೆ ಕೆಳಗಿಟ್ಟು ಎದೆಯುಬ್ಬಿಸಿದರು. “ಇಷ್ಟು ವರ್ಷ ಬೆರಳು ಸವೆಸಿದ್ಯಲ್ಲ, ಒಂದು ದಿನ ಭಕ್ತಿಯಿಂದ ಪೂಜೆ ಮಾಡಿದ್ಯೇನೇ?”

ನಮ್ಮ ಮನೆಯಲ್ಲಿ ಆ ಆಟ ಗೆದ್ದದ್ದು ಇಲ್ಲಿಯವರೆಗೆ ಆ ನಿಂಬೆಹಣ್ಣೊಂದೇ. ಮರುದಿನ ಬೆಳಿಗ್ಗೆ ಅದನ್ನು ಚಿತ್ರಾನ್ನಕ್ಕೆ ಹಿಂಡಿದೆ.