ಒಂಬತ್ತು ವರ್ಷದ ಗುಳಿಗೆ

ನಮ್ಮ ಮಾವ ಶಂಕರೆಪ್ಪನವರಿಗೆ ನನ್ನ ಮೇಲೆ ಸಿಟ್ಟೇನಿಲ್ಲ, ಒಂದೇ ಒಂದು ಪ್ರಶ್ನೆಯಿದೆ. ಅಗರಖೇಡದಿಂದ ನಿಂಬೆಹಣ್ಣಿನ ಚೀಲ ಹೊತ್ತು ಇಂಡಿ ಪಟ್ಟಣದ ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಕೇಳಿಯೇ ಚಹಾ ಕುಡಿಯುತ್ತಾರೆ.

"ಅಳಿಯಾರ, ಡಾಕ್ಟರೇಟ್ ಅಂತ ಒಂಬತ್ತ ವರ್ಷ ಓದಿದ್ರಿ. ಕಡೀಕ ಏನ ಕಂಡಹಿಡದ್ರಿ?"

'ಪಾಲಿಮರ್ ನ್ಯಾನೊಕಾಂಪೋಸಿಟ್' ಎಂದರೆ ಕನಿಕರದಿಂದ ನೋಡುತ್ತಾರೆ. (ಹೆಂಡತಿ ವಿಜಯಲಕ್ಷ್ಮಿಯೂ ಹಾಗೆಯೇ ನೋಡುತ್ತಾಳೆ, ಅದಕ್ಕೆ ಬೇರೆ ಕಾರಣಗಳೂ ಇವೆ.) ಸಾಸಿವೆಯಷ್ಟು ದಪ್ಪದ ಕರಿ ಗುಳಿಗೆಗಳು ಅವು. ಕೊಳಕು ನೀರಿಗೆ ಹಾಕಿದರೆ ಅದರಲ್ಲಿ ಕರಗಿದ ಬಣ್ಣವನ್ನೆಲ್ಲ ಹೀರಿಕೊಳ್ಳುತ್ತವೆ. ಮಾವನವರಿಗೆ ಒಮ್ಮೆ ಕಣ್ಣಾರೆ ತೋರಿಸಬೇಕೆಂಬುದು ನನ್ನ ಜೀವಮಾನದ ಹಂಬಲವಾಗಿತ್ತು.

ಆ ಭಾನುವಾರ ಮಾವನವರು ಬಂದಾಗ ಬಚ್ಚಲಲ್ಲಿ ಬಕೆಟ್ ತುಂಬ ಕೆಂಪು ನೀರು!

"ಬಕೆಟ್ ಮುಟ್ಟಬ್ಯಾಡ್ರಿ," ಎಂದಳು ವಿಜಯಲಕ್ಷ್ಮಿ ಸಂತೆಗೆ ಹೊರಡುತ್ತ. "ಅವ್ವ ಕೊಟ್ಟ ಇಳಕಲ್ ಸೀರಿ ಉಪ್ಪನೀರಾಗ ನೆನಿ ಇಟ್ಟೇನಿ, ಬಣ್ಣ ನಿಲ್ಲಲಿ ಅಂತ. ನಾಳಿ ಬಸರಿ ತಂಗಿ ಕುಬಸಕ್ಕ ಅದನ್ನ ಉಡಾಕಿ ನಾ."

ನಾನು ಮುಟ್ಟಲಿಲ್ಲ. ಮೇಲಿನಿಂದ ಒಂದು ಹಿಡಿ ಗುಳಿಗೆ ಉದುರಿಸಿದೆ, ಅಷ್ಟೇ.

ಅರ್ಧ ತಾಸಿನಲ್ಲಿ ನೀರು ತಿಳಿಯಾಯಿತು. ಮಾವನವರು ಕನ್ನಡಕ ಏರಿಸಿ ಬಗ್ಗಿದರು. "ಏ, ಭಾಳ ಚಲೋ ಆತಲ್ರಿ!"

ಆದರೆ ನೀರು ಮತ್ತೆ ಕೆಂಪಾಯಿತು. ಇನ್ನೊಂದು ಹಿಡಿ ಹಾಕಿದೆ. ತಿಳಿಯಾಯಿತು, ಮತ್ತೆ ಕೆಂಪಾಯಿತು.

"ಹಾಕ್ರಿ, ಹಾಕ್ರಿ, ಬಿಡಬ್ಯಾಡ್ರಿ!" ಎಂದು ಮಾವನವರು ಹುರಿದುಂಬಿಸಿದರು. ಈ ಕೆಂಪು ಎಲ್ಲಿಂದ ಬರುತ್ತಿದೆಯೆಂದು ಇಬ್ಬರೂ ಯೋಚಿಸಲಿಲ್ಲ. (ಇಬ್ಬರಲ್ಲಿ ವಿಜ್ಞಾನಿ ನಾನೊಬ್ಬನೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.) ಐದನೇ ಹಿಡಿಗೆ ನೀರು ಶಾಶ್ವತವಾಗಿ ಶುಭ್ರವಾಯಿತು.

ಸಂತೆಯಿಂದ ಬಂದ ವಿಜಯಲಕ್ಷ್ಮಿ ಸೀರೆ ಎತ್ತಿದಳು. ಟೊಮೆಟೊ ಬಣ್ಣದ್ದು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣಕ್ಕೆ ಇಳಿದಿತ್ತು.

"ಇದು ಯಾರ ಸೀರಿರಿ?"

"ನಿಂದ..."

"ನಂದು ಕೆಂಪ ಇತ್ತು."

"ನೀರ ಎಷ್ಟು ಸ್ವಚ್ಛ ಆಗೇತಿ ನೋಡ," ಎಂದೆ.

ಅವಳು ಬೈಯಲಿಲ್ಲ. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕುಳಿತಳು, ಕಣ್ಣುಗಳು ತುಂಬಿದ್ದವು. ನನಗೆ ನಿಜವಾಗಿ ಸಂಕಟವಾಯಿತು. ಮಾವನವರಿಗೆ ಅಗರಖೇಡದ ಬಸ್ಸು ನೆನಪಾಯಿತು.

ಮರುದಿನ ಅದನ್ನೇ ಉಟ್ಟಳು. "ಅವ್ವ ಕೊಟ್ಟದ್ದು. ಹ್ಯಾಂಗರ ಇರಲಿ," ಎಂದಳು. ತಾಳಿಕೋಟೆಯ ಕುಬಸದ ಮನೆಯಲ್ಲಿ ನಾನು ಮೂಲೆ ಹಿಡಿದು ಕುಳಿತೆ. ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು.

"ಅಯ್ಯ, ಎಂಥಾ ತಿಳಿ ಬಣ್ಣಬೇ! ಎಲ್ಲಿ ಸಿಕ್ಕಿತು?"

ವಿಜಯಲಕ್ಷ್ಮಿ ನನ್ನತ್ತ ನೋಡಿದಳು. ತುಟಿಯಲ್ಲಿ ನಗುವಿತ್ತು. "ಅಂಗಡ್ಯಾಗ ಸಿಗಂಗಿಲ್ಲ. ನಮ್ಮನಿಯವರು ಮಾಡ್ಯಾರ."

ಮಾವನವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತ್ತು.

"ನಮ್ಮ ಅಳಿಯಾರು ಡಾಕ್ಟರ್ ಅದಾರ್ರಿ," ಎಂದು ಇಡೀ ಮನೆಗೆ ಕೇಳುವಂತೆ ಸಾರಿದರು. "ಸೀರಿ ಬಣ್ಣ ತಗೀತಾರ!"

ಈಗ ನಮ್ಮ ಬಚ್ಚಲಲ್ಲಿ ತಾಳಿಕೋಟೆಯ ಏಳು ಸೀರೆಗಳಿವೆ. ಕೊಳಕು ನೀರು ಮಾತ್ರ ಯಾರೂ ತಂದಿಲ್ಲ.