ಎರಡು ಗಿಳಿಗಳ ವ್ಯಾಜ್ಯ

ಹೆಸರು ಒಂದೇ ಥರ ಇದ್ದರೆ ಪಜೀತಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆಗೆ ಬರುತ್ತದೆ. ಚೆನ್ನೈನ ನಮ್ಮ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ರೈಲ್ವೆಯಲ್ಲಿದ್ದ ನನ್ನ ಹಳೇ ಗೆಳೆಯ ಅಧ್ಯಕ್ಷನಾಗಿದ್ದ. ವಾರ್ಷಿಕೋತ್ಸವಕ್ಕೆ ನಾಟಕವೋ ಸಂಗೀತವೋ ಎಂಬ ಮಾತಿಗೆ ಮುನಿಸಿಕೊಂಡು, ಅರ್ಧ ಜನರನ್ನು ಕಟ್ಟಿಕೊಂಡು ಹೋದ. ನಮ್ಮ ಹೆಸರಿಗೇ ‘ನವ’ ಸೇರಿಸಿದ. ನಮ್ಮ ಲಾಂಛನದಲ್ಲಿ ಎಡಕ್ಕೆ ನೋಡುತ್ತಿದ್ದ ಗಿಳಿಯನ್ನು ಬಲಕ್ಕೆ ತಿರುಗಿಸಿ ತನ್ನದು ಮಾಡಿಕೊಂಡ. ಮೂರು ವರ್ಷ ಮಾತಿರಲಿಲ್ಲ. ಟಿ. ನಗರದಲ್ಲಿ ಪ್ರತಿ ಭಾನುವಾರ ಇಬ್ಬರೂ ಕಾಫಿ ಕುಡಿಯುತ್ತಿದ್ದ ಹೋಟೆಲಿಗೆ ಹೋಗುವುದನ್ನೇ ಬಿಟ್ಟೆ. ಹೋದರೆ “ಇನ್ನೊಬ್ಬರೆಲ್ಲಿ?” ಎಂದು ಸರ್ವರ್ ಕೇಳುತ್ತಿದ್ದ.

೧

ಹದಿನೈದು ದಿನದಲ್ಲಿ ಹೆಸರನ್ನೂ ಗಿಳಿಯನ್ನೂ ಕೈಬಿಡಿ ಎಂದು ವಕೀಲರಿಂದ ಅವರಿಗೆ ನೋಟಿಸು ಕಳಿಸಿದೆವು. ಅಂಚೆಯವನಿಗೆ ಕನ್ನಡ ಸಂಘ ಅಂದರೆ ನಮ್ಮ ಮನೆ. ಇಲ್ಲಿಗೇ ತಂದ. ನನ್ನ ಹೆಂಡತಿ ಸಹಿ ಹಾಕಿ ಇಸಿದುಕೊಂಡಳು.

ವಕೀಲರಿಗೆ ಫೋನ್ ಮಾಡಿದೆ. ಅವರು ತಣ್ಣಗೆ ಹೇಳಿದರು: “ನೋಟಿಸು ತಲುಪಿತಲ್ಲ ಸಾರ್. ಇನ್ನು ನೀವು ಹೆಸರು ಬಿಡದಿದ್ದರೆ ನಿಮ್ಮ ಮೇಲೆ ನಾನೇ ಕೇಸು ಹಾಕಬೇಕಾಗುತ್ತೆ.”

೨

ರಾಜ್ಯೋತ್ಸವಕ್ಕೆ ಮೈಸೂರಿನಿಂದ ಒಬ್ಬ ಪ್ರಾಧ್ಯಾಪಕರನ್ನು ಕರೆಸಿದ್ದೆ. ಬ್ಯಾನರಿನ ಗಿಳಿ ನೋಡಿ ಆಟೋದವನು ಅವರನ್ನು ಪೋರೂರಿನ ‘ನವ’ದವರ ಸಭೆಗೆ ಇಳಿಸಿದ. ಅಲ್ಲಿ ಅವರು ಅರ್ಧ ಗಂಟೆ ನನ್ನನ್ನೇ ಹೊಗಳಿದರಂತೆ. ಎಲ್ಲರೂ ಮುಖ ಮುಖ ನೋಡಿಕೊಂಡಾಗ ನನ್ನ ಗೆಳೆಯನೊಬ್ಬನೇ ಚಪ್ಪಾಳೆ ತಟ್ಟಿದನಂತೆ.

ಅತಿಥಿಗಳು ‘ನವ’ದವರು ಹೊದಿಸಿದ ಶಾಲಿನಲ್ಲೇ ನಮ್ಮಲ್ಲಿಗೆ ಬಂದರು. ಮೈಕು ಕೊಡಹೋದೆ. “ಭಾಷಣ ಅಲ್ಲೇ ಆಯ್ತು,” ಎಂದರು, “ಇಲ್ಲಿ ಊಟ ಮಾತ್ರ.”

೩

ನಾವು ‘ನವ’ದವರ ಮೇಲೆ ಹಾಕಿದ ಕೇಸು ಕೊನೆಗೆ ರಾಜಿ ಮಾತುಕತೆಗೆ ಬಂತು. ಮಧ್ಯಸ್ಥಿಕೆಗೆ ಕೂತ ತಮಿಳು ವಕೀಲೆ ಎರಡು ಗಿಳಿಗಳನ್ನೂ ನೋಡಿದರು. “ವ್ಯತ್ಯಾಸ ಏನು?” ಎಂದು ತಮಿಳಿನಲ್ಲಿ ಕೇಳಿದರು.

“ಅವರದು ಸ್ವಲ್ಪ ದಪ್ಪ,” ಎಂದ ಗೆಳೆಯ, ನನ್ನ ಕಡೆ ನೋಡದೆ. ಅವನೇ ಸೊರಗಿದ್ದ. ಕೇಳೋಣವೆನಿಸಿತು, ಕೇಳಲಿಲ್ಲ.

“ಇಬ್ಬರೂ ಹಳೇ ಹೆಸರು ಬಿಡಿ. ಒಂದೊಂದು ಚೀಟಿಯಲ್ಲಿ ಹೊಸ ಹೆಸರು ಬರೆದುಕೊಡಿ. ಒಂದಕ್ಕೊಂದು ಹೋಲಬಾರದು, ಅಷ್ಟೇ,” ಎಂದರು ಆಕೆ.

ಅವನು ಆ ಮೂಲೆಯಲ್ಲಿ, ನಾನು ಈ ಮೂಲೆಯಲ್ಲಿ ಬರೆದೆವು. ಆಕೆಗೆ ಕನ್ನಡ ಓದಲು ಬಾರದು. ಚೀಟಿಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿ, “ಅಕ್ಷರ ಎಲ್ಲಾ ಒಂದೇ ಥರ ಕಾಣ್ತಿದೆಯಲ್ಲ?” ಎಂದರು.

ಎರಡರಲ್ಲೂ ‘ಪಡಸಾಲೆ’ ಎಂದಿತ್ತು. ಸಂಘ ಶುರುವಾಗಿದ್ದು ಅವನ ಮನೆಯ ಪಡಸಾಲೆಯಲ್ಲಿ, ಏಳು ಜನರಿಂದ.

ಮೂರು ವರ್ಷದ ಮೇಲೆ ಗೆಳೆಯ ನನ್ನ ಕಡೆ ತಿರುಗಿ ಮಾತಾಡಿದ.

“ಮೊದಲು ಬರೆದದ್ದು ನಾನು ಕಣೋ.”

“ಇಲ್ಲ, ನಾನು,” ಎಂದೆ.

ಆಕೆ ಪೆನ್ನು ಕೆಳಗಿಟ್ಟು ಇನ್ನೊಂದು ತಾರೀಖು ಕೊಟ್ಟರು. ಕೇಸು ಮುಂದಕ್ಕೆ ಹೋಯಿತೆಂದು ಇಷ್ಟು ಖುಷಿಪಟ್ಟ ಕಕ್ಷಿದಾರರನ್ನು ತಾನು ಕಂಡಿಲ್ಲ ಎಂದರು ನಮ್ಮ ವಕೀಲರು.